ನಿದ್ದೆ ಬರುವ ಮನೆ

ನಮ್ಮ ಬಳಗದಲ್ಲಿ ಅವ್ವನಿಗೆ ಒಂದು ಹೆಸರಿತ್ತು. ಯಾರ ಮನೆಯ ಹುಡುಗಿಗೆ ಸಂಬಂಧ ಬಂದರೂ, ಮಾತುಕತೆ ಮುಂದುವರಿಯುವ ಮೊದಲು ನಾಲ್ಕು ಜನ ಹಿರಿಯರು ಗಂಡಿನವರ ಮನೆ ನೋಡಿಬರುವುದು ಪದ್ಧತಿ. ಆ ನಾಲ್ವರಲ್ಲಿ ಅವ್ವ ಇರಲೇಬೇಕು. ಗಂಡನ್ನು ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. “ಗಂಡಸರ ಮಾರಿ ನೋಡಿದ್ರ ಏನ್ ತಿಳೀತೈತಿ? ಮನಿ ನೋಡ್ರಿ, ಮನಿ” ಎನ್ನುತ್ತಿದ್ದಳು. ಕುಡಿಯಲು ನೀರು ಕೇಳಿ ತಂಬಿಗೆಯ ತಳ ನೋಡುವಳು. ಹಿತ್ತಲಿಗೆ ಹೋಗಿ ದನಗಳ ಪಕ್ಕೆಲುಬು ನೋಡುವಳು. ಎಲ್ಲಕ್ಕಿಂತ ಹೆಚ್ಚಾಗಿ, ಸುಮ್ಮನೆ ಕುಳಿತು ಕಿವಿಗೊಟ್ಟು ಕೇಳುವಳು. ಗದ್ದಲವಿಲ್ಲದ, ಮಾತು ಮೆತ್ತಗಿರುವ ಮನೆಯೇ ಹೆಣ್ಣು ಕೊಡಲು ತಕ್ಕ ಮನೆ ಎಂಬುದು ಅವಳ ತೀರ್ಮಾನ. ಆ ತೀರ್ಮಾನದ ಮೇಲೆ ಅದೆಷ್ಟು ಮದುವೆಗಳು ನಡೆದವೋ, ಅದೆಷ್ಟು ಮುರಿದವೋ, ನನಗೆ ಲೆಕ್ಕ ಗೊತ್ತಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬಳ್ಳಾರಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ. ಅಪ್ಪ ತೀರಿಕೊಂಡಿದ್ದರು. ಸತ್ಯನಾರಾಯಣಪೇಟೆಯ ವಠಾರದ ಮನೆಯೊಂದರಲ್ಲಿ ಅವ್ವ, ನಾನು, ಇಬ್ಬರೇ. ನನಗೂ ಅವ್ವ ಮನೆ ನೋಡುತ್ತಿದ್ದಳು. ಒಂದು ಮನೆಯಲ್ಲಿ ಅತ್ತೆಯ ಗಂಟಲು ದೊಡ್ಡದು, ಇನ್ನೊಂದರಲ್ಲಿ ಬಾಗಿಲು ಬಡಿದು ಹಾಕುತ್ತಾರೆ, ಮತ್ತೊಂದರಲ್ಲಿ ಪಾತ್ರೆ ಕುಕ್ಕುತ್ತಾರೆ. ಹೀಗೆ ಒಂದೊಂದನ್ನೇ ಬಿಟ್ಟು ಬರುತ್ತಿದ್ದಳು. ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಕೆಲವೊಮ್ಮೆ ಸಿಟ್ಟೂ ಬರುತ್ತಿತ್ತು, ಯಾಕೆಂದು ಗೊತ್ತಾಗುತ್ತಿರಲಿಲ್ಲ.

ನಾಯಿ ಸಿಕ್ಕಿದ್ದು ಕಂಟೋನ್ಮೆಂಟಿನ ಕಡೆಯ ಒಂದು ಹಾಳುಬಾವಿಯಲ್ಲಿ. ಶಾಲೆ ಬಿಟ್ಟು ಬರುತ್ತಿದ್ದೆ. ನಾಲ್ಕಾರು ಹುಡುಗರು ಬಾವಿಯ ಸುತ್ತ ನಿಂತು ಒಬ್ಬರಾದ ಮೇಲೊಬ್ಬರು ಒಳಗೆ ಕಲ್ಲು ಹಾಕುತ್ತಿದ್ದರು. ಹಾಕಿ, ಬಗ್ಗಿ, ಏನಾಗುತ್ತದೋ ಎಂದು ಬಾಯಿ ಮುಚ್ಚಿಕೊಂಡು ಕಾಯುವುದು, ಮತ್ತೆ ಹಾಕುವುದು. ನಾನು ತರಗತಿಯಲ್ಲಿ ಬೈಯುವ ದನಿಯಲ್ಲೇ ಬೈದೆ. ಚೆದುರಿದರು. ಇಣುಕಿದರೆ ನೀರಿಲ್ಲದ ತಳದಲ್ಲಿ ಎರಡು ಕಣ್ಣು. ದಾರಿಯಲ್ಲಿ ಹೋಗುತ್ತಿದ್ದ ಜಟಕಾದವನೊಬ್ಬ ಹಗ್ಗ ಬಿಟ್ಟು ಇಳಿದು, ಗೋಣಿಚೀಲದಲ್ಲಿ ಅದನ್ನು ಎತ್ತಿಕೊಂಡು ಬಂದ. ಒಣಹುಲ್ಲಿನ ಬಣ್ಣದ, ಇನ್ನೂ ಪೂರ್ತಿ ಬೆಳೆಯದ ಹೆಣ್ಣು ನಾಯಿ. ಅವನ ಕೈ ಕಚ್ಚಲಿಲ್ಲ, ಕುಂಯ್ ಎನ್ನಲಿಲ್ಲ. ನಡುಗುತ್ತಿತ್ತು, ಅಷ್ಟೇ. ಅದೇ ಜಟಕಾದಲ್ಲಿ ಮನೆಗೆ ತಂದೆ.

ಅವ್ವ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಹೊರಗೆ ಬಂದವಳು ಚೀಲ ನೋಡಿದಳು, ನನ್ನನ್ನು ನೋಡಿದಳು.

“ಇದೇನ್ ತಂದಿಯಲೇ?”

“ಎರಡು ದಿವಸ ಇರಲಿ ಬಿಡಬೇ. ಆಮ್ಯಾಲ ಯಾರಿಗಾರ ಕೊಡೋಣು.”

“ಕೊಡೂದು ಖರೇ ಇದ್ರ ಹೆಸರು ಇಡಬ್ಯಾಡ. ಹೆಸರಿಟ್ರ ಕೊಡಾಕ ಆಗಂಗಿಲ್ಲ.”

ಹೆಸರಿಡಲಿಲ್ಲ. ಬಾ ಎಂದು ಕರೆಯುವ ಬದಲು ನಾಲಿಗೆಯಿಂದ ಟಕ್ ಟಕ್ ಎನ್ನುತ್ತಿದ್ದೆ. ಅದು ಬರುತ್ತಿರಲಿಲ್ಲ, ಕಿವಿ ಮಾತ್ರ ನನ್ನ ಕಡೆ ತಿರುಗುತ್ತಿತ್ತು. ಹಾಗೆ ತಿರುಗಿದ ದಿನ ನನಗೆ ಹಬ್ಬ.

ಬಳ್ಳಾರಿಯ ಬೇಸಿಗೆ ಮಧ್ಯಾಹ್ನ ಬೇರೆಯದೇ ಒಂದು ಊರು. ಬೆಳಿಗ್ಗೆ ಕಂಡ ಓಣಿ ಆಗ ಇರುವುದಿಲ್ಲ. ಗುಡ್ಡದ ಬಂಡೆ ಕಾದು, ಅದರ ಕಾವು ಗಾಳಿಯಲ್ಲಿ ತೇಲಿ ಬಂದು ಮನೆಮನೆಯ ಹೊಸ್ತಿಲಲ್ಲಿ ಕೂರುತ್ತದೆ. ಎದುರು ಮನೆಯ ಗೋಡೆ ಸಣ್ಣಗೆ ಅಲುಗಾಡುತ್ತದೆ. ನಲ್ಲಿಯ ಕೆಳಗಿನ ಕೊಡ, ಹಗ್ಗದ ಮೇಲಿನ ಸೀರೆ, ಬೇವಿನ ಮರದ ಕಾಗೆ ಎಲ್ಲ ನಿದ್ದೆ ಹೋಗುತ್ತವೆ. ಅವ್ವ ಬರಿ ನೆಲದ ಮೇಲೆ ತೋಳಿಗೆ ತಲೆಯಿಟ್ಟು ಮಲಗುತ್ತಿದ್ದಳು. ಭಾನುವಾರ ಅವಳ ಪಕ್ಕದಲ್ಲೇ ನಾನು. ಎಚ್ಚರವೋ ಕನಸೋ ಗೊತ್ತಾಗದ ಆ ಹೊತ್ತಿನಲ್ಲಿ ನಾನು ಪಕ್ಕಕ್ಕೆ ಹೊರಳಿದಾಗಲೆಲ್ಲ ಮಂಚದ ಕೆಳಗಿನ ಕತ್ತಲಲ್ಲಿ ಆ ಎರಡು ಕಣ್ಣು ಕಾಣುತ್ತಿದ್ದವು. ಇಡೀ ಊರು ಮಲಗಿರುವಾಗ ಅದೊಂದೇ ಎದ್ದಿರುತ್ತಿತ್ತು.

ಅದು ಮಲಗುತ್ತಲೇ ಇರಲಿಲ್ಲ. ಮೊದಮೊದಲು ನನಗೆ ಹೊಳೆಯಲಿಲ್ಲ. ಹೊಳೆದ ಮೇಲೆ ನನ್ನ ನಿದ್ದೆಯೂ ಹೋಯಿತು. ಕೂತಲ್ಲೇ ತೂಗುವುದು, ಕತ್ತು ಕೆಳಗೆ ಬೀಳುವುದು, ಬೀಳುವಷ್ಟರಲ್ಲಿ ಬೆಚ್ಚಿ ಏಳುವುದು. ಅನ್ನ ನಾವು ಆಚೆ ಹೋದ ಮೇಲೆ ಎರಡು ತುತ್ತು. ದಿನದಿಂದ ದಿನಕ್ಕೆ ಒಣಗುತ್ತಿತ್ತು. ಸದ್ದಿಗೆ ಹೆದರುತ್ತದೆ ಎಂದು ನಾವು ಪಿಸುಮಾತಿನಲ್ಲೇ ಸಂಸಾರ ನಡೆಸತೊಡಗಿದೆವು. ಅವ್ವ ಒಗ್ಗರಣೆಯನ್ನೂ ಮುಚ್ಚಳ ಮುಚ್ಚಿ ಹಾಕುತ್ತಿದ್ದಳು. ವಠಾರದವರು ನಗುತ್ತಿದ್ದರು: “ಟೀಚರಮ್ಮಾರ ಮನ್ಯಾಗ ಬಾಣಂತಿ ಅದಾಳನ್ರಿ?”

ಮನೆಯ ಮಾಲೀಕರಿಗೆ ನಗು ಬರಲಿಲ್ಲ. “ಬೊಗಳದ ನಾಯಿ, ತಿನ್ನದ ನಾಯಿ. ಇಲ್ಲೇ ಸತ್ತು ಬಿದ್ರ ನನ್ನ ಅಂಗಳ ತೊಳಿಯೋರು ಯಾರ್ರಿ? ಯುಗಾದಿ ಒಳಗ ಕಳಸ್ರಿ. ಇಲ್ಲಂದ್ರ ನಾನಽ ಯಾವುದಾರ ಲಾರಿಗೆ ಹಾಕಿ, ಊರು ದಾಟಿಸಿ ಬಿಟ್ಟು ಬರಾಕ ಹೇಳ್ತೀನಿ” ಎಂದರು. ಆ ನಾಯಿಯನ್ನು ರಸ್ತೆಯಲ್ಲಿ ಬಿಟ್ಟರೆ ಸಂಜೆಯವರೆಗೂ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅಂದು ಅತ್ತುಬಿಟ್ಟೆ. ಅವ್ವ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, “ಮನಿ ನೋಡೋಣು” ಎಂದಳು.

ಹೆಣ್ಣು ನಾಯಿ ಎಂದ ಕೂಡಲೇ ಹಲವರು ಬೇಡವೆಂದರು. ಅದೇನು ಹೊಸ ಮಾತಾಗಿರಲಿಲ್ಲ, ಅವ್ವನಿಗೂ ನನಗೂ. ಕೊನೆಗೆ ಕಂಟೋನ್ಮೆಂಟಿನಲ್ಲಿ ಒಂದು ಮನೆ ಒಪ್ಪಿತು. ನಿವೃತ್ತ ಇಂಜಿನಿಯರರೊಬ್ಬರ ಹಳೆಯ ಬಂಗಲೆ. ಎತ್ತರದ ಚಾವಣಿ, ದೊಡ್ಡ ಕಾಂಪೌಂಡು, ಹುಣಸೆಮರಗಳ ನೆರಳು. ಗಂಡ ಹೆಂಡತಿ ಇಬ್ಬರೂ ತಂಗಾಳಿ ಬೀಸಿದಂತೆ ಮಾತಾಡುವವರು. ಅವ್ವ ನೀರು ಕೇಳಿ ಕುಡಿದಳು, ಕಿವಿಗೊಟ್ಟು ಕೇಳಿದಳು. ಗೋಡೆ ಗಡಿಯಾರದ ಸದ್ದೊಂದು ಬಿಟ್ಟರೆ ಏನೂ ಇಲ್ಲ. “ಇಂಥ ಮನಿ ನಿನಗ ಸಿಕ್ಕಿದ್ರ ಚಲೋ ಇತ್ತು” ಎಂದು ಹೊರಬರುವಾಗ ನನಗೆ ಹೇಳಿದಳು.

ವಾರ ಕಳೆದು ನೋಡಲು ಹೋದೆವು. ಆ ಒಳ್ಳೆಯ ಜನ ತಪ್ಪು ಮಾಡಿದವರಂತೆ ನಿಂತಿದ್ದರು. ನಾಯಿ ಹಿತ್ತಲಿನ ನೀರಿನ ತೊಟ್ಟಿಯ ಹಿಂದೆ, ಗೋಡೆಗೆ ಬೆನ್ನು ಒತ್ತಿಕೊಂಡು ನಿಂತಿತ್ತು. ಕೂತೂ ಇರಲಿಲ್ಲ. ಬೆನ್ನಮೂಳೆ ಎದ್ದು ಕಾಣುತ್ತಿತ್ತು. ಹುಣಸೆಯ ಒಂದು ಒಣ ಕಾಯಿ ಟಪ್ ಎಂದು ಬಿದ್ದದ್ದಕ್ಕೆ ಅದರ ಮೈಯೆಲ್ಲ ಅದುರಿತು. ಆ ಅಮ್ಮ ಕಣ್ಣೊರೆಸಿಕೊಳ್ಳುತ್ತ, “ನಾವು ಒಂದು ಮಾತು ಜೋರಾಗಿ ಆಡಿಲ್ಲಮ್ಮ” ಎಂದರು. ಅದು ನಿಜವೇ ಆಗಿತ್ತು. ವಾಪಸು ಕರೆತಂದೆವು.

ಇನ್ನೂ ಮೆತ್ತಗಿನ ಮನೆ ಬೇಕು ಎಂದು ಅವ್ವ ಹಟ ಹಿಡಿದಳು. ಕುರುಗೋಡಿನಲ್ಲಿ ನಮ್ಮ ದೂರದ ಬಳಗದ ಒಂದು ಒಕ್ಕಲು ಮನೆಯಿತ್ತು. ಊರಾಚೆ, ಬಂಡೆಗಳ ಮಗ್ಗುಲಿಗೆ. ಅಲ್ಲಿ ಹಕ್ಕಿ ಕೂಡ ಅಪ್ಪಣೆ ಕೇಳಿ ಕೂಗುತ್ತದೆ ಎಂದು ಅವ್ವನ ನೆನಪು. ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದಳು: “ಐತ್ವಾರ ಮನಿ ನೋಡಾಕ ಬರ್ತೀವಿ.”

ಅಷ್ಟೇ ಹೇಳಿದ್ದು. ಅವ್ವನಂಥವಳು ಮನೆ ನೋಡಲು ಬರುತ್ತೇನೆಂದರೆ ಜನ ಏನು ತಿಳಿಯುತ್ತಾರೆಂದು ಅವಳಿಗಾಗಲಿ ನನಗಾಗಲಿ ಹೊಳೆಯಲೇ ಇಲ್ಲ. ಭಾನುವಾರ ನಾಯಿಯನ್ನು ಬುಟ್ಟಿಯಲ್ಲಿಟ್ಟು, ಮೇಲೆ ಟವೆಲು ಹೊದಿಸಿ ಹೋದೆವು. ಅಂಗಳಕ್ಕೆ ಸಾರಣೆಯಾಗಿತ್ತು. ಹೊಸ ಜಮಖಾನೆ ಹಾಸಿತ್ತು. ಶಾವಿಗೆ ಪಾಯಸದ ವಾಸನೆ. ಒಳಗಿನಿಂದ ಹೆಂಗಸರ ಪಿಸುಮಾತು: “ಯವ್ವಾ, ಹುಡಿಗೀನೂ ಕರಕೊಂಡಽ ಬಂದಾರ! ಎಲ್ಲ್ಯಾರ ಉಂಟೇನ?” ಆಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡ ಒಬ್ಬ ಯುವಕ ಬಂದು ಎದುರಿಗೆ ಕುಳಿತ. ನನ್ನ ಕಾಲ್ಬೆರಳು ನೋಡುತ್ತಿದ್ದ. ಆಗ ನನಗೆ ಅರ್ಥವಾಯಿತು. ಅವ್ವನಿಗೂ ಆಗಿತ್ತು, ಅವಳು ಪಾಯಸದ ಬಟ್ಟಲು ಹಿಡಿದು ಕಲ್ಲಾಗಿದ್ದಳು.

“ನಾವು ನಾಯಿಗೆ ಮನಿ ನೋಡಾಕ ಬಂದೀವ್ರಿ” ಎಂದೆ ನಾನು. ಬೇರೆ ಹೇಗೆ ಹೇಳಬೇಕಿತ್ತೋ ಇಂದಿಗೂ ತಿಳಿಯದು.

ಮನೆಯ ಯಜಮಾನರು ಬುಟ್ಟಿ ನೋಡಿದರು. ಟವೆಲಿನ ಸಂದಿಯಿಂದ ಬುಟ್ಟಿಯೂ ಅವರನ್ನು ನೋಡುತ್ತಿತ್ತು. “ನಾಯಿಗೆ?” ಎಂದರು. ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು ಮೊದಲು ನಕ್ಕಳು. ನಕ್ಕು ನಕ್ಕು ಕೆಮ್ಮು ಬಂದು, ಕೆಮ್ಮುತ್ತಲೇ ನಕ್ಕಳು. ಆ ನಗುವಿಗೆ ನಾಯಿ ಬುಟ್ಟಿಯಿಂದ ಹಾರಿ ಜಮಖಾನೆ ಒದ್ದೆ ಮಾಡಿತು. ಆ ಯುವಕ ಎದ್ದು, ಅಂಗಿಯ ತೋಳು ಮಡಚುತ್ತ ಹಿತ್ತಲಿಗೆ ನಡೆದುಬಿಟ್ಟ. ಪಾಪ, ಅವನ ಮುಖ ನಾನು ಸರಿಯಾಗಿ ನೋಡಲೂ ಇಲ್ಲ. “ಸೊಸಿ ಆದ್ರ ಇಟ್ಕೋತಿದ್ವಿ. ನಾಯಿ ಬ್ಯಾಡ್ರಿ, ಅದೂ ಹೆಣ್ಣು” ಎಂದರು ಯಜಮಾನರು. ಬಸ್ಸಿನಲ್ಲಿ ಅವ್ವ ನನಗೆ ಬೆನ್ನು ತಿರುಗಿಸಿ ಕುಳಿತಳು. ನಾನು ಸೆರಗು ಬಾಯಿಗೆ ಹಿಡಿದು ನಗು ತಡೆಯುತ್ತಿದ್ದೆ. ಬುಟ್ಟಿಯೊಳಗೆ ಕೈಯಿಟ್ಟಾಗ ನಗು ತಾನಾಗಿ ನಿಂತಿತು. ಕೈಗೆ ಸಿಕ್ಕಿದ್ದು ಬರಿಯ ಎಲುಬು.

ಯುಗಾದಿ ಹತ್ತಿರ ಬಂತು. ಉಳಿದದ್ದು ಒಂದೇ ಮನೆ. ಸಿರುಗುಪ್ಪದಾಚೆ ಕೆಂಚನಗುಡ್ಡದಲ್ಲಿ, ತುಂಗಭದ್ರೆಯ ದಂಡೆಗೆ, ಅವ್ವನ ಬಾಲ್ಯದ ಗೆಳತಿಯ ಹೊಲಮನೆ. ಆಕೆಯೂ ಆಕೆಯ ಗಂಡನೂ ಇಬ್ಬರೇ. ಹೊಳೆಯ ನೀರು ಹರಿಯುವುದೂ ಅಲ್ಲಿ ಕೇಳಿಸುವುದಿಲ್ಲ ಎಂದು ಅವ್ವ. ಈ ಸಲ ನಾಯಿಗೆ ಎಂದು ಸ್ಪಷ್ಟವಾಗಿ ಹೇಳಿಕಳಿಸಿದಳು.

ಸಿರುಗುಪ್ಪದಲ್ಲಿ ಇಳಿಯುವಷ್ಟರಲ್ಲಿ ಮುಂದಿನ ಬಸ್ಸು ಹೋಗಿತ್ತು. ನೆತ್ತಿ ಸುಡುವ ಬಿಸಿಲು. ದಾರಿಯ ಎರಡೂ ಕಡೆ ಅಕ್ಕಿ ಗಿರಣಿಗಳು, ಅಂಗಳಗಳಲ್ಲಿ ಒಣಹಾಕಿದ ಭತ್ತ. ನೆರಳು ಹುಡುಕಿ ಒಂದು ಗಿರಣಿಯ ತಗಡಿನ ಚಪ್ಪರದಂಚಿಗೆ ನಿಂತೆವು. ಒಳಗಿನಿಂದ ಯಂತ್ರದ ಸದ್ದು ನೆಲದೊಳಗೆ ಹಾದು ಅಂಗಾಲಿಗೆ ಬರುತ್ತಿತ್ತು. ನಾನು ಬುಟ್ಟಿಯನ್ನು ಎದೆಗೆ ಅವುಚಿಕೊಂಡೆ. ಈ ಸದ್ದಿಗೆ ಇದರ ಪ್ರಾಣವೇ ಹೋಗುತ್ತದೆ ಎಂದು ಹೆದರಿದೆ.

“ಏ ಯಕ್ಕಾ! ಬಿಸಲಾಗ ಯಾಕ ನಿಂತೀರಿ? ಒಳಗ ಬರ್ರಿ! ಬುಟ್ಟ್ಯಾಗ ಏನೈತಿ, ಕೋಳಿ ಏನು?”

ಯಂತ್ರವನ್ನೂ ಮೀರಿಸುವ ಗಂಟಲು. ಅಕ್ಕಿ ಕೇರುವ ಹೆಂಗಸರ ಸಾಲಿನಲ್ಲಿ ನಡುವೆ ಕೂತಿದ್ದವಳು, ನಡುವಯಸ್ಸಿನ, ಗಟ್ಟಿ ಮೈಕಟ್ಟಿನ ಹೆಣ್ಣುಮಗಳು. ಹುಬ್ಬು, ರೆಪ್ಪೆ, ಕೂದಲು ಎಲ್ಲ ತೌಡಿನ ಪುಡಿಯಿಂದ ಬೆಳ್ಳಗಾಗಿದ್ದವು. ಕೈಯಲ್ಲಿ ಮೊರ ಆಡುತ್ತಲೇ ಇತ್ತು, ಬಾಯಲ್ಲಿ ಮಾತು ಆಡುತ್ತಲೇ ಇತ್ತು. ಅರ್ಧ ಕನ್ನಡ, ಅರ್ಧ ತೆಲುಗು. ಗಿರಣಿಯ ಹಿಂದೆಯೇ ತನ್ನ ಗುಡಿಸಲು, ಗಂಡ ಸತ್ತು ಬಹಳ ವರ್ಷ, ಮಗಳನ್ನು ಆದೋನಿಗೆ ಕೊಟ್ಟಿದ್ದು, ಅಳಿಯ ಸೋಂಬೇರಿ. ಇಷ್ಟೆಲ್ಲ ನಾವು ಕೂರುವಷ್ಟರಲ್ಲೇ ತಿಳಿಯಿತು. ಅವ್ವ ನನ್ನ ಕಿವಿಯಲ್ಲಿ, “ಬಾಯಿ ಅನ್ನೂದು ಇನ್ನೊಂದು ಗಿರಣಿ” ಎಂದಳು.

ಬುಟ್ಟಿಯ ಮೇಲಿನ ಟವೆಲು ಯಾವಾಗ ಸರಿಯಿತೋ ಗೊತ್ತಾಗಲಿಲ್ಲ. ನೋಡಿದರೆ ನಾಯಿ ಬುಟ್ಟಿಯಲ್ಲಿರಲಿಲ್ಲ. ಅದು ಚಪ್ಪರದ ಮೂಲೆಯಲ್ಲಿ, ಭತ್ತದ ಹೊಟ್ಟಿನ ರಾಶಿಯ ಬುಡದಲ್ಲಿ ನಿಂತು, ಮುಂಗಾಲಿನಿಂದ ಹೊಟ್ಟು ಕೆದರುತ್ತಿತ್ತು. ಕೆದರಿ, ಸುತ್ತ ತಿರುಗಿ, ಕುಳಿತಿತು. ಕುಳಿತದ್ದು ಒರಗಿತು. ಒರಗಿದ್ದು ಮಗ್ಗುಲಾಗಿ, ನಾಲ್ಕೂ ಕಾಲು ಚಾಚಿ, ಹೊಟ್ಟೆ ತೋರಿಸಿ ಮಲಗಿಬಿಟ್ಟಿತು.

ತಗಡಿನ ತೂತುಗಳಿಂದ ಬಿಸಿಲಿನ ಕೋಲುಗಳು ಇಳಿದಿದ್ದವು. ಅವುಗಳಲ್ಲಿ ಹೊಟ್ಟಿನ ಪುಡಿ ಹೊನ್ನಿನ ಬಣ್ಣವಾಗಿ, ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ತೇಲುತ್ತಿತ್ತು. ಆ ಗುಂಯ್ ಎನ್ನುವ ಸದ್ದಿನಲ್ಲಿ ಹೆಂಗಸರ ಕೈಗಳು ಏಳುತ್ತ ಇಳಿಯುತ್ತ, ಮಾತುಗಳು ತುಟಿಯಲ್ಲೇ ಕರಗುತ್ತ, ಎಲ್ಲವೂ ನೀರಿನೊಳಗೆ ನಡೆಯುತ್ತಿರುವಂತೆ ಕಂಡಿತು. ನಾಯಿಯ ಹೊಟ್ಟೆ ನಿಧಾನವಾಗಿ ಉಬ್ಬುತ್ತ ಇಳಿಯುತ್ತ ಇತ್ತು. ಸ್ವಲ್ಪ ಹೊತ್ತಿಗೆ ಅದರ ಪಂಜ ತುಸು ಅಲುಗಿತು. ಕನಸಿನಲ್ಲಿ ಎಲ್ಲಿಗೋ ಓಡುತ್ತಿತ್ತು. ಅದಕ್ಕೂ ಒಂದು ಕನಸು ಬಿತ್ತಲ್ಲ ಎಂದು ನನಗೆ ಅಳು ಬಂತು.

ಆಗ ನನಗೆ ಆ ಬಾವಿ ಕಣ್ಣಿಗೆ ಕಟ್ಟಿತು. ಹುಡುಗರು ಕಲ್ಲು ಹಾಕಿ, ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರಲ್ಲ. ಬಾವಿಯ ತಳದಲ್ಲಿ ಸದ್ದಿಲ್ಲದ ಹೊತ್ತೆಂದರೆ ಮುಂದಿನ ಕಲ್ಲು ಬೀಳುವ ಮುಂಚಿನ ಹೊತ್ತು. ನಾವು ಪಿಸುಗುಟ್ಟಿದಷ್ಟೂ, ಅನ್ನದ ತಟ್ಟೆಯನ್ನು ಮೆಲ್ಲಗೆ ಇಟ್ಟಷ್ಟೂ, ಅದು ಕಲ್ಲಿಗಾಗಿ ಕಾಯುತ್ತಿತ್ತು. ಎಂಥ ಪ್ರೀತಿಯಿಂದ ಅದನ್ನು ಕೊಲ್ಲುತ್ತಿದ್ದೆವು! ಅವ್ವನ ಕಿವಿಯ ಹತ್ತಿರ ಬಾಯಿಟ್ಟು ಇದನ್ನು ಕೂಗಿ ಹೇಳಿದೆ. ಮಲಗಿದ ನಾಯಿಯನ್ನೇ ನೋಡುತ್ತ ಅವಳು ಕುಳಿತಳು.

ಕೆಂಚನಗುಡ್ಡದ ಬಸ್ಸು ಬಂತು, ನಿಂತಿತು, ಹೋಯಿತು. ನಾವು ಏಳಲಿಲ್ಲ.

ಅವ್ವ ರೂಢಿಯಂತೆ ನೀರು ಕೇಳಿದಳು. ಆ ಹೆಣ್ಣುಮಗಳು ಮೊರ ಬಿಡದೆಯೇ, “ಅಗೋ ಅಲ್ಲೈತಿ ಗಡಗಿ, ನೀವಽ ತಗೊಂಡು ಕುಡೀರಿ. ನನ್ನ ಕೈ ಖಾಲಿ ಐತೇನು?” ಎಂದಳು. ಬೇರೆ ದಿನವಾಗಿದ್ದರೆ ಅವ್ವ ಆ ಮಾತಿಗೇ ಎದ್ದು ಬರುತ್ತಿದ್ದಳು. ಅಂದು ತಾನೇ ಹೋಗಿ ನೀರು ತುಂಬಿಕೊಂಡು ಕುಡಿದಳು.

“ಈ ನಾಯಿ ಇಟ್ಕೊಂತಿಯೇನವಾ?”

“ಇರ್ಲಿ ಬಿಡಕ್ಕಾ. ಅದೇನ್ ಪಟ್ಟೆ ಸೀರಿ ಕೇಳತೈತಾ? ನುಚ್ಚಿನ ಅನ್ನ ಹಾಕ್ತೀನಿ. ತಿಂದ್ರ ತಿನ್ಲಿ, ಬಿಟ್ರ ಬಿಡ್ಲಿ.”

“ಅದಕ್ಕ ಭಾಳ ಅಂಜಿಕಿ ಐತಿ.”

“ಯಾರಿಗಿಲ್ಲಕ್ಕಾ?” ಎಂದು, ಅದೇ ಉಸಿರಿನಲ್ಲಿ ಅಳಿಯನ ಸುದ್ದಿಗೆ ಮರಳಿದಳು. ನಾಯಿಯ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ನನಗೆ ಕೊಡಲು ಮನಸ್ಸಾಗಲಿಲ್ಲ. ಪ್ರೀತಿಯಿಂದ ನೋಡಿಕೊಳ್ಳುತ್ತೇನೆ ಎಂದು ಒಂದು ಮಾತಾದರೂ ಆಡಬಾರದೇ? ಗಿರಣಿ ನಿಂತ ಹೊತ್ತಿನಲ್ಲಿ ಇದರ ಗತಿ ಏನು ಎಂದು ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕರೆಂಟು ಹೋಯಿತು.

ಯಂತ್ರ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಮೌನ ಮೇಲಿನಿಂದ ಬಿದ್ದಿತು. ಹೆಂಗಸರ ಕೈಗಳೂ ನಿಂತವು. ನಾಯಿ ಎದ್ದು ನಿಂತಿತ್ತು. ಮೈಯಿಡೀ ನಡುಕ, ಕಣ್ಣು ಚಾವಣಿಯ ಕಡೆ. ನಾನು ಮಂಡಿಯೂರಿ, ಕೈ ಚಾಚಿ, ಟಕ್ ಟಕ್ ಎಂದೆ. ಅದು ನನ್ನನ್ನು ಗುರುತಿಸಿತು. ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು. ಅಷ್ಟು ದಿನಗಳಲ್ಲಿ ಮೊದಲ ಬಾರಿ ಕರೆದದ್ದಕ್ಕೆ ಬರುತ್ತಿತ್ತು. ಬಾ, ಬಾ ಎಂದು ನನ್ನ ಜೀವವೆಲ್ಲ ಕೂಗುತ್ತಿತ್ತು.

“ಹೋತು ನೋಡು! ಇವರ ಕರೆಂಟಿಗೆ ಬೆಂಕಿ ಹಾಕ! ಏಮಿ ಕರ್ಮ ಇದಿ! ಏ, ನೀವ್ಯಾಕ ಕೈ ಕಟ್ಟಿ ಕುಂತ್ರೇ? ಮೊರಕ್ಕೂ ಕರೆಂಟ್ ಬೇಕಾ?” ಅವಳ ಗಂಟಲು ಆ ಮೌನವನ್ನು ಅರಿವೆ ಹರಿದಂತೆ ಹರಿಯಿತು. ಮೊರ ಮತ್ತೆ ಟಪಟಪ ಎನ್ನತೊಡಗಿತು. ಕರೆಂಟಿನವರು, ಗಿರಣಿಯ ಸಾಹುಕಾರ, ಅಳಿಯ, ಬಿಸಿಲು, ಒಬ್ಬೊಬ್ಬರಿಗೂ ಪಾಲು ತಪ್ಪದಂತೆ ಬೈಗುಳ ಹರಿಯಿತು.

ನಾಯಿ ನನ್ನ ಚಾಚಿದ ಕೈಯ ಮುಂದೆ ಒಂದು ಗಳಿಗೆ ನಿಂತಿತು. ಆಮೇಲೆ ತಿರುಗಿ, ಆ ಬೈಗುಳದ ಕಡೆಗೆ ನಡೆದು ಹೋಗಿ, ಅವಳ ಚಾಚಿದ ಕಾಲಿನ ಮೇಲೆ ಗದ್ದವಿಟ್ಟು ಮಲಗಿತು. ನಡುಕ ನಿಲ್ಲುವುದನ್ನು ನಾನು ಕಣ್ಣಾರೆ ಕಂಡೆ.

“ಆಚಿ ಸರೀಲೇ, ಕಾಲೈತಿ ಇಲ್ಲಿ!” ಎಂದು ಅದಕ್ಕೂ ಬೈದಳು. ಕಾಲು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಹೊಟ್ಟೆಕಿಚ್ಚು ಎಂದರೆ ಏನೆಂದು ಆ ಗಳಿಗೆ ತಿಳಿಯಿತು. ಸಂತೋಷವೂ ಅಷ್ಟೇ ಜೋರಾಗಿ ಬಂತು. ಎರಡೂ ಒಟ್ಟಿಗೆ ಬಂದಾಗ ಏನು ಮಾಡಬೇಕೆಂದು ಗೊತ್ತಾಗದೆ ಬರಿ ಬುಟ್ಟಿಯನ್ನು ಎತ್ತಿಕೊಂಡು ನಿಂತೆ. ಅವ್ವ ನನ್ನ ಹೆಗಲು ಹಿಡಿದು ಹೊರಗೆ ಕರೆತಂದಳು.

ಬಳ್ಳಾರಿಯ ಬಸ್ಸಿನಲ್ಲಿ ಕಿಟಕಿಯಾಚೆ ಕಾಲುವೆ, ಗದ್ದೆ, ಆಮೇಲೆ ಕರಿನೆಲ. ಬಿಸಿಲು ಇಳಿದು ಎಲ್ಲದರ ಮೇಲೂ ಹಳದಿ ಧೂಳು ಹಬ್ಬಿತ್ತು. ನಾನು ಅಳುತ್ತಿದ್ದೆ. ಬಹಳ ದೂರ ಬಂದ ಮೇಲೆ, ಎದುರಿನ ಸೀಟಿಗೆ ಹೇಳುವವಳಂತೆ ಮಾತಾಡಿದಳು.

“ಇಷ್ಟು ವರ್ಷ ಎಷ್ಟೋ ಮನಿ ನೋಡೀನಿ. ನೀರು ನೋಡೀನಿ, ದನ ನೋಡೀನಿ. ಕೊಡೂ ಹುಡಿಗೀನ ಮಾತ್ರ ಒಂದಿನಾನೂ ಜೊತಿಗೆ ಕರಕೊಂಡು ಹೋಗಲಿಲ್ಲ. ನಾಯಿ ಬಂದು ತಾನಽ ನೋಡಿಕೊಂತು.”

ನಾನು ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದೆ.

“ಬರೋ ಐತ್ವಾರ ಹೊಸಪೇಟಿ ಕಡಿ ಒಂದು ಮನಿ ಐತಿ. ನೀನೂ ಬಾ. ಯಾರ್ ಏನರ ಅನ್ಲಿ. ಊಟ ಆದ ಮ್ಯಾಲ ಅಲ್ಲೇ ಒಂದು ಗಳಿಗಿ ಅಡ್ಡಾಗು. ನಿದ್ದಿ ಬಂದ್ರ ಹೂಂ ಅನ್ನು. ಬರಲಿಲ್ಲಂದ್ರ ಎದ್ದು ಬಾ, ಮನಿಗೆ ಹೋಗೂಣು.”

ಹೇಳಿ, ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾನು ಅವಳ ಕೈ ಹಿಡಿದುಕೊಂಡೆ. ಬಳ್ಳಾರಿ ಬರುವ ತನಕ ಅವಳು ಅದನ್ನು ಬಿಡಿಸಿಕೊಳ್ಳಲಿಲ್ಲ.